‘ಇಲ್ಲ’ ಎನ್ನುವಷ್ಟರಲ್ಲಿ ಉಸಿರು ಮುಗಿದರೆ

ಕಳೆದ ಮಳೆಗಾಲದಲ್ಲಿ ಅಂಕೋಲೆಯ ಕಡೆಯ ಒಬ್ಬ ಅಕ್ಕೋರು ಶಿರಸಿಯ ನನ್ನ ವಾಕ್ ಚಿಕಿತ್ಸಾಲಯಕ್ಕೆ ಬಂದಿದ್ದರು. ಪ್ರಾಥಮಿಕ ಶಾಲೆಯಲ್ಲಿ ಹದಿನೈದು ವರ್ಷ ಕಲಿಸಿದವರು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇದೆಯೆಂದು ಗೊತ್ತಾಗಿ ಆರು ವರ್ಷವಾಗಿತ್ತು. ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ದಣಿದಿದ್ದರು, ಅವರ ಪರವಾಗಿ ಪತಿಯೇ ಮಾತನಾಡುತ್ತಿದ್ದರು. (ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ.)

ಹಿಂದಿನ ವಾರ ನಡೆದದ್ದನ್ನು ಅವರು ಹೇಳಿದರು. ಪತಿ ಕೆಲಸದ ಸ್ಥಳದಿಂದ ಮಧ್ಯಾಹ್ನ ಫೋನ್ ಮಾಡಿ ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಿದ್ದರು. ‘ಮಧ್ಯಾಹ್ನದ ಮಾತ್ರೆ ಇನ್ನೂ ತೆಗೆದುಕೊಂಡಿಲ್ಲ’ ಎಂದು ಇವರು ಹೇಳಿದ್ದರು. ಅವರಿಗೆ ಕೇಳಿಸಿದ್ದು ‘ತೆಗೆದುಕೊಂಡಿ’ ಎಂಬಲ್ಲಿಯವರೆಗೆ. ಉಳಿದದ್ದು ಗಾಳಿಯಲ್ಲಿ ಕರಗಿತ್ತು. ತೆಗೆದುಕೊಂಡಿದ್ದಾಳೆ ಎಂದು ಅವರು ಫೋನ್ ಇಟ್ಟರು. ಸಂಜೆ ಮನೆಯಲ್ಲಿ ಜಗಳವಾಯಿತು. ‘ನೀನೇ ಹೇಳಿದೆಯಲ್ಲ’ ಎಂದು ಅವರು, ‘ನಾನು ಹೇಳಿದ್ದೇ ಬೇರೆ’ ಎಂದು ಇವರು. ಇಬ್ಬರೂ ಸುಳ್ಳಾಡಿರಲಿಲ್ಲ.

ಈ ಜಗಳದೊಳಗೆ ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ಅದನ್ನು ವಿವರಿಸಲೆಂದೇ ಈ ಅಂಕಣ ಬರೆಯುತ್ತಿದ್ದೇನೆ.

ಮೊದಲು ರೋಗದ ಬಗ್ಗೆ ನಾಲ್ಕು ಮಾತು. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಎಂಎಸ್ ಇದ್ದವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯನ್ನು ಹಾಳುಮಾಡುತ್ತದೆ. ಮಿದುಳಿನ ಆಜ್ಞೆ ತಡವಾಗಿ, ಅಥವಾ ಅರ್ಧಂಬರ್ಧವಾಗಿ ತಲುಪುತ್ತದೆ. ಮಾತಿಗೆ ಎದೆ, ಗಂಟಲು, ಅಂಗುಳು, ನಾಲಿಗೆ, ತುಟಿ ಎಲ್ಲವೂ ಒಂದೇ ಗಳಿಗೆಯಲ್ಲಿ ಕೂಡಿ ಕೆಲಸ ಮಾಡಬೇಕು. ಅಲ್ಲಿ ಹೊಂದಾಣಿಕೆ ತಪ್ಪಿದರೆ ಮಾತು ತೊದಲುತ್ತದೆ, ದನಿ ಬಿಗಿಯುತ್ತದೆ ಅಥವಾ ಉಡುಗುತ್ತದೆ. ಎಂಎಸ್ ಇದ್ದವರಲ್ಲಿ ಶೇಕಡಾ 40ರಿಂದ 50ರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇಂಥ ತೊಂದರೆ ಕಾಣಿಸುತ್ತದೆ. ಹೆಚ್ಚಿನವರಲ್ಲಿ ಅದು ಸೌಮ್ಯವಾಗಿಯೇ ಇರುತ್ತದೆ. ನಾಲಿಗೆಗೆ ಬಜೆ ತೇಯ್ದು ಹಚ್ಚಿ ನೋಡಿದೆವು ಎಂದು ಹೇಳುವ ಹಿರಿಯರು ನನಗೆ ಸಿಗುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಆದರೆ ಕೊರತೆ ನಾಲಿಗೆಯಲ್ಲಿಲ್ಲ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ನಮ್ಮ ವಾಕ್ಯದ ಜೀವ ಕೊನೆಯಲ್ಲಿರುತ್ತದೆ. ಯಾರು ಮಾಡಿದರು, ಯಾವಾಗ ಮಾಡಿದರು, ಮಾಡಿದರೋ ಇಲ್ಲವೋ ಎಂಬುದೆಲ್ಲ ಕ್ರಿಯಾಪದದ ತುದಿಯಲ್ಲಿ ಕುಳಿತಿರುತ್ತದೆ. ‘ಬಂದಿದ್ದೇನೆ’, ‘ಬಂದಿದ್ದಾನೆ’, ‘ಬಂದಿಲ್ಲ’ ಇವು ಬೇರೆಬೇರೆ ಎಂದು ತಿಳಿಯುವುದು ಕೊನೆಯ ಒಂದೆರಡು ಅಕ್ಷರಗಳಲ್ಲಿ. ಎಂಎಸ್‌ನಲ್ಲಿ ಉಸಿರಿನ ಹಿಡಿತ ಸಡಿಲವಾದವರಿಗೆ ದನಿ ಕುಗ್ಗುವುದೂ ಸರಿಯಾಗಿ ಅಲ್ಲಿಯೇ. ಇಂಗ್ಲಿಷಿನಲ್ಲಿ ನಿರಾಕರಣೆಯ ಪದ ಸಾಮಾನ್ಯವಾಗಿ ವಾಕ್ಯದ ಮೊದಲರ್ಧದಲ್ಲೇ ಬಂದುಬಿಡುತ್ತದೆ, ಬಾಲ ಮಸುಕಾದರೂ ತಿರುಳು ತಲುಪಿರುತ್ತದೆ. ಆ ಭಾಷೆಗಾಗಿ ಬರೆದ ಅಭ್ಯಾಸಗಳನ್ನು ಹಾಗೆಯೇ ತಂದು ನಮ್ಮವರಿಗೆ ಹೇಳಿಕೊಟ್ಟರೆ ಸಾಲದು. ಕಾರವಾರದ ಕೊಂಕಣಿ ಮನೆಗಳಲ್ಲಿಯೂ ಇದೇ ಕಷ್ಟ, ಅಲ್ಲಿಯೂ ‘ನಾ’ ಬರುವುದು ಕೊನೆಗೇ.

ಅದಕ್ಕಾಗಿ ಅಕ್ಕೋರಿಗೆ ನಾನು ಮೊದಲು ಹೇಳಿಕೊಟ್ಟದ್ದು ಉತ್ತರವನ್ನು ತಿರುಗಿಸಿ ಹೇಳುವುದನ್ನು. ‘ಇಲ್ಲ’ ಎಂದು ಮೊದಲು. ನಿಂತು ಉಸಿರು. ಆಮೇಲೆ ‘ಮಾತ್ರೆ ತೆಗೆದುಕೊಂಡಿಲ್ಲ’. ಮುಖ್ಯವಾದದ್ದು ತುಂಬಿದ ಎದೆಯ ಮೇಲೆ ಹೊರಬೀಳಬೇಕು. ಉದ್ದದ ವಾಕ್ಯವಾದರೆ ಕ್ರಿಯಾಪದಕ್ಕಿಂತ ಮೊದಲು ಒಮ್ಮೆ ಉಸಿರು ತೆಗೆದುಕೊಳ್ಳಬೇಕು: ‘ನಾಳೆ ಬೆಳಿಗ್ಗೆ ಕುಮಟೆಗೆ’, ಉಸಿರು, ‘ಹೋಗುವುದಿಲ್ಲ’. ಕೇಳುವವರಿಗೆ ಆ ನಡುವಿನ ಮೌನ ನಾವು ಅಂದುಕೊಂಡಷ್ಟು ದೀರ್ಘವಾಗಿ ಕಾಣುವುದಿಲ್ಲ. ತಾಳಮದ್ದಲೆಯ ಅರ್ಥಧಾರಿಗಳನ್ನು ಕೇಳಿ ಬೆಳೆದ ಈ ಜಿಲ್ಲೆಯ ಜನಕ್ಕೆ ಇದನ್ನು ವಿವರಿಸುವುದು ನನಗೆ ಸುಲಭ. ಒಳ್ಳೆಯ ಅರ್ಥಧಾರಿ ಉಸಿರು ತೀರಿದ ಮೇಲೆ ನಿಲ್ಲುವುದಿಲ್ಲ, ತೀರುವ ಮೊದಲೇ ಅರ್ಥ ಕೆಡದ ಜಾಗ ನೋಡಿ ನಿಲ್ಲುತ್ತಾನೆ.

ಮನೆಯಲ್ಲಿ ಅಭ್ಯಾಸಕ್ಕೆ ದಿನಪತ್ರಿಕೆ ಸಾಕು. ಉಸಿರು ತೆಗೆದುಕೊಳ್ಳಬೇಕಾದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಿಂದ ಓರೆಗೆರೆ ಎಳೆಯಿರಿ. ಬೆನ್ನಿಗೆ ಆಧಾರ ಕೊಟ್ಟು ನೇರವಾಗಿ ಕುಳಿತು, ಗೆರೆ ಬಂದಲ್ಲೆಲ್ಲ ನಿಂತು, ಗಟ್ಟಿಯಾಗಿ ಓದಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ದಣಿಯುವ ಮುಂಚೆ ನಿಲ್ಲಿಸಿ. ನಾಲಿಗೆ ಹೊರಚಾಚುವುದು, ಕೆನ್ನೆ ಉಬ್ಬಿಸುವುದು ಮುಂತಾದ ಬರಿಯ ಕಸರತ್ತಿಗೆ ಗಂಟೆಗಟ್ಟಲೆ ಕಳೆಯುವವರಿದ್ದಾರೆ. ಆ ಶಕ್ತಿಯನ್ನು ನಿಜವಾದ ಮಾತಿಗೇ ಖರ್ಚು ಮಾಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತೊಡಕು ಲಯದ್ದು. ಎಂಎಸ್ ಅನ್ನು ಸ್ಪಷ್ಟವಾಗಿ ಗುರುತಿಸಿ 1868ರಲ್ಲಿ ವಿವರಿಸಿದವರು ಪ್ಯಾರಿಸ್ಸಿನ ವೈದ್ಯ ಜಾನ್ ಮಾರ್ಟಿನ್ ಶಾರ್ಕೊ. ಲಯ ತಪ್ಪಿದ ಈ ಮಾತಿಗೆ ಅವರು ಕೊಟ್ಟ ಹೆಸರು (ಇಂಗ್ಲಿಷಿನಲ್ಲಿ ‘ಸ್ಕ್ಯಾನಿಂಗ್ ಸ್ಪೀಚ್’) ಛಂದಸ್ಸಿನಿಂದ ಬಂದದ್ದು. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಅಕ್ಷರ ಅಕ್ಷರ ಬಿಡಿಸಿ ಓದುತ್ತೇವಲ್ಲ, ಹಾಗೆ ಕೇಳುತ್ತದೆ ಎಂದರು. ಕನ್ನಡದ ಕಿವಿಗೆ ಇದರಿಂದ ಆಗುವ ನಷ್ಟ ದೊಡ್ಡದು, ಏಕೆಂದರೆ ಲಘು ಗುರುಗಳ ಭೇದವೇ ಅಳಿಸಿಹೋಗುತ್ತದೆ. ‘ಬಳೆ’ ‘ಬಾಳೆ’ಯಾಗುತ್ತದೆ, ‘ಅಳು’ ‘ಆಳು’ ಆಗುತ್ತದೆ. ‘ನಿಧಾನವಾಗಿ ಮಾತಾಡು’ ಎಂದು ಮನೆಯವರು ಹೇಳಿದಾಗ ರೋಗಿ ಅಕ್ಷರಗಳನ್ನು ಎಳೆಯುತ್ತಾರೆ, ಮಾತು ಇನ್ನಷ್ಟು ಕೆಡುತ್ತದೆ. ಪದದೊಳಗೆ ಎಳೆಯಬೇಡಿ, ಪದಗಳ ನಡುವೆ ನಿಲ್ಲಿ. ಒಂದೊಂದು ಪದಕ್ಕೆ ಬೆರಳಿನಿಂದ ಮೇಜು ತಟ್ಟಿದರೆ ಹಲವರಿಗೆ ಹಿಡಿತ ಸಿಗುತ್ತದೆ.

ಬೆಳಿಗ್ಗೆ ಸರಿಯಾಗಿ ಮಾತನಾಡಿದವರು ಮಧ್ಯಾಹ್ನ ತೊದಲಿದರೆ ನಾಟಕವೆನ್ನುವ ಬಂಧುಗಳು ಎಲ್ಲ ಊರಿನಲ್ಲೂ ಇದ್ದಾರೆ. ನಾಟಕವಲ್ಲ. ಮೈಬಿಸಿ ಅರ್ಧ ಡಿಗ್ರಿ ಏರಿದರೂ ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ನಿಂತುಹೋಗಬಹುದು. ಮೈ ದಣಿದಾಗ ಎಂಎಸ್ ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಸುಕಾಗುವುದನ್ನು ವಿಲ್ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನ್ ನೇತ್ರವೈದ್ಯರು 1890ರಲ್ಲಿ ದಾಖಲಿಸಿದರು; ಅದಕ್ಕೆ ಕಾರಣ ಮೈಬಿಸಿ ಎಂದು ತಿಳಿದದ್ದು ಆಮೇಲೆ. ಎಂಆರ್‌ಐ ಬರುವ ಮುಂಚೆ ಶಂಕಿತ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದೆಯೇ ಎಂದು ನೋಡುವ ಪರೀಕ್ಷೆಯೇ ಇತ್ತು. ಹಂಡೆ ತುಂಬ ಕಾದ ನೀರಿನಲ್ಲಿ ಅಭ್ಯಂಜನ ಮಾಡುವ ನಮ್ಮ ಕಡೆಯವರು ಇದನ್ನು ನೆನಪಿಡಬೇಕು. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಂತೂ ಮುಖ್ಯವಾದ ಫೋನ್, ಬ್ಯಾಂಕಿನ ಕೆಲಸ, ನೆಂಟರ ಮಾತು ಎಲ್ಲವನ್ನೂ ಬೆಳಗಿನ ತಂಪಿನಲ್ಲೇ ಮುಗಿಸಿಕೊಳ್ಳಿ. ಸೆಕೆಗೆ ಹೆಚ್ಚಾದ ತೊದಲು ಮೈ ತಂಪಾದ ಮೇಲೆ ಇಳಿಯುತ್ತದೆ. ಇಳಿಯದೆ ಒಂದು ದಿನಕ್ಕಿಂತ ಹೆಚ್ಚು ಉಳಿದರೆ, ಅಥವಾ ಜ್ವರ, ಉರಿಮೂತ್ರ ಜೊತೆಗಿದ್ದರೆ, ನರರೋಗ ತಜ್ಞರಿಗೆ ತಿಳಿಸಿ. ಮಾತು ಹಠಾತ್ತಾಗಿ ಬಿದ್ದು ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಎಂಎಸ್ ಎಂದುಕೊಂಡು ಕಾಯಬೇಡಿ. ಪಾರ್ಶ್ವವಾಯು ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬರನ್ನು ಬಸ್ಸಿನಲ್ಲಿ ಕುಡುಕನೆಂದು ಇಳಿಸಿದ್ದರು. ಅವರು ಜೀವನದಲ್ಲಿ ಸೆರೆ ಮುಟ್ಟಿದವರಲ್ಲ. ಆ ದಿನದಿಂದ ಆರು ತಿಂಗಳು ಹೊರಗೆ ಬಾಯಿ ತೆರೆಯಲಿಲ್ಲ. ನನಗೆ ರೋಗಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಇದು. ಈಗ ಅವರ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇದೆ: ‘ನನಗೆ ನರದ ಕಾಯಿಲೆಯಿದೆ. ಮಾತು ತೊದಲುತ್ತದೆ, ಬುದ್ಧಿ ಸರಿಯಾಗಿದೆ. ಸ್ವಲ್ಪ ಸಮಯ ಕೊಡಿ.’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿದೆ.

ಕೇಳುವವರಿಗೂ ಕೆಲಸವಿದೆ. ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆಯಾಡಿಸಬೇಡಿ. ತಿಳಿದಷ್ಟನ್ನು ತಿರುಗಿ ಹೇಳಿ: ‘ಕುಮಟೆಗೆ ಎಂದಿರಿ, ಹೋಗುತ್ತೀರೋ ಇಲ್ಲವೋ ಕೇಳಲಿಲ್ಲ.’ ಆಗ ಅವರು ಒಂದೇ ಪದ ಹೇಳಿದರೆ ಸಾಕಾಗುತ್ತದೆ. ಅವರ ವಾಕ್ಯವನ್ನು ನೀವು ಮುಗಿಸಬೇಡಿ, ಕೇಳಿಕೊಂಡರೆ ಮಾತ್ರ ಮುಗಿಸಿ. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಆರೋಗ್ಯವಂತರ ಮಾತೇ ಕೇಳಿಸುವುದಿಲ್ಲ. ಆಗ ಒಳಕೋಣೆಗೆ ಹೋಗಿ, ಹತ್ತಿರ ಕುಳಿತು, ಮುಖ ನೋಡಿ ಮಾತನಾಡಿ. ಕರೆಂಟು ಹೋದರೆ ದೀಪ ಅವರ ಮುಖದ ಕಡೆಗಿರಲಿ. ತುಟಿ ಕಂಡರೆ ಅರ್ಧ ಮಾತು ಕಂಡಂತೆಯೇ.

ನುಂಗುವ ಬಗ್ಗೆ ಒಂದು ಎಚ್ಚರಿಕೆ. ಮಾತಿನ ಸ್ನಾಯುಗಳೇ ನುಂಗುವುದಕ್ಕೂ ಬೇಕು. ತೆಳ್ಳಗಿನ ದ್ರವ ಬೇಗ ಹರಿಯುವುದರಿಂದ ಶ್ವಾಸನಾಳಕ್ಕೆ ಇಳಿಯುವುದೂ ಸುಲಭ. ಅಪ್ಪೆಹುಳಿ ಕುಡಿದಾಗಲೆಲ್ಲ ಕೆಮ್ಮು ಬಂದರೆ ಖಾರ ನೆತ್ತಿಗೆ ಹತ್ತಿತು ಎಂದು ತಳ್ಳಿಹಾಕಬೇಡಿ. ಊಟದ ನಂತರ ದನಿ ಒದ್ದೆಯಾಗಿ ಗೊರಗೊರ ಎಂದರೂ ತೋರಿಸಿಕೊಳ್ಳಿ, ಅದರಿಂದ ನ್ಯುಮೋನಿಯಾ ಆಗಬಹುದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ನಮಗೆ ದೂರ. ಒಮ್ಮೆ ಹೋಗಿ ಪೂರ್ಣ ತಪಾಸಣೆ ಮಾಡಿಸಿಕೊಂಡು ಬಂದರೆ, ಮುಂದಿನ ಅಭ್ಯಾಸಗಳಲ್ಲಿ ಹೆಚ್ಚಿನವನ್ನು ಮೊಬೈಲಿನ ವಿಡಿಯೊ ಕರೆಯಲ್ಲೂ ಮುಂದುವರಿಸಬಹುದು. ಬರೆದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಈಗ ಮೊಬೈಲಿನಲ್ಲಿದೆ. ಅದನ್ನು ಮಾತು ಚೆನ್ನಾಗಿರುವಾಗಲೇ ಕಲಿತಿಡಿ.

ಅಕ್ಕೋರು ಈಗ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕ ಬಳಸುತ್ತಾರೆ. ಶಾಲೆಯಲ್ಲಿ ಕೇಳಿಕೊಂಡು ಕನ್ನಡದ ಪಾಠವನ್ನು ಬೆಳಗಿನ ಮೊದಲ ಅವಧಿಗೆ ಹಾಕಿಸಿಕೊಂಡಿದ್ದಾರೆ. ಮಧ್ಯಾಹ್ನ ಹಲಗೆಯ ಮೇಲೆ ಲೆಕ್ಕ ಬರೆಯುತ್ತಾರೆ, ಉತ್ತರವನ್ನು ಮಕ್ಕಳೇ ಕೂಗಿ ಹೇಳುತ್ತಾರೆ. ಪತಿ ಊಟದ ಹೊತ್ತಿಗೆ ಫೋನ್ ಮಾಡಿದಾಗ ಈಗ ಕೇಳುವುದು ಇಷ್ಟೇ: ‘ಮಾತ್ರೆ ಆಯಿತಾ?’ ಒಂದು ಕ್ಷಣ ಸುಮ್ಮನಿದ್ದು, ಉಸಿರು ತುಂಬಿಕೊಂಡು, ಅವರು ‘ಆಯಿತು’ ಎನ್ನುತ್ತಾರೆ, ಇಲ್ಲವೇ ‘ಇಲ್ಲ’ ಎನ್ನುತ್ತಾರೆ. ಆ ಒಂದು ಕ್ಷಣ ಪತಿ ಫೋನ್ ಇಡುವುದಿಲ್ಲ.