ಒಬ್ಬನೇ ಕಟ್ಟಿದ ಎರಡು ಪೊಲೀಸ್ ಪಡೆಗಳು

"ಠಾಣೆ ಮೆಟ್ಟಿಲು ಹತ್ತೋದು ಬೇಡ, ನಮ್ಮ ನಮ್ಮಲ್ಲೇ ಬಗೆಹರಿಸಿಕೊಳ್ಳೋಣ." ಈ ಮಾತು ಕೇಳದವರು ಯಾರಿದ್ದಾರೆ? ಮನೆ ಕಳ್ಳತನವಾದವರೂ ಹೀಗೇ ಹೇಳುತ್ತಾರೆ, ಏಟು ತಿಂದವರೂ ಹೀಗೇ ಹೇಳುತ್ತಾರೆ. ಯಾವ ತಪ್ಪೂ ಮಾಡದವರಿಗೂ ಠಾಣೆ ಅಂದರೆ ಅಳುಕು. ಇದಕ್ಕೆ ಇವತ್ತಿನ ಪೇದೆಯನ್ನು ಮಾತ್ರ ಬೈದರೆ ಸಾಲದು. ಈ ಅಳುಕಿನ ಬೇರು ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಅದೂ ಐರ್ಲೆಂಡಿಗೆ.

ರಾಬರ್ಟ್ ಪೀಲ್ ಹೆಸರು ಬಂದ ಕೂಡಲೇ ಎಲ್ಲರೂ ಲಂಡನ್ ಪೊಲೀಸರ ಮಾತಾಡುತ್ತಾರೆ. ಅದು ಸಹಜ. 1829ರಲ್ಲಿ ಬ್ರಿಟನ್ನಿನ ಗೃಹ ಮಂತ್ರಿಯಾಗಿದ್ದ ಆತ ಲಂಡನ್ನಿಗೆ ಹೊಸ ಪೊಲೀಸ್ ಪಡೆ ತಂದ. ಅಲ್ಲಿನ ಜನಕ್ಕೆ ಅದು ಬೇಡವಾಗಿತ್ತು. ಸರ್ಕಾರ ಬೀದಿಗೆ ಸೈನ್ಯ ಇಳಿಸುತ್ತಿದೆ, ಮನೆ ಮನೆಗೂ ಗೂಢಚಾರರನ್ನು ಬಿಡುತ್ತಿದೆ ಅಂತ ಕೂಗೆದ್ದಿತು. ಆ ಅನುಮಾನ ಕಳೆಯಲು ಪಟ್ಟ ಪಾಡು ಪೊಲೀಸರ ಮೈಮೇಲಿನ ಬಟ್ಟೆಯಲ್ಲೇ ಕಾಣುತ್ತದೆ. ಸೈನಿಕರದು ಕೆಂಪು ಕೋಟು, ಹಾಗಾಗಿ ಪೊಲೀಸರಿಗೆ ನೀಲಿ ಕೋಟು. ಬಂದೂಕಿಲ್ಲ, ಮರದ ದೊಣ್ಣೆ ಮಾತ್ರ. ಕಾಲರ್ ಮೇಲೆ ನಂಬರ್, ಯಾರ ಮೇಲೆ ದೂರು ಕೊಡಬೇಕು ಅಂತ ಜನಕ್ಕೆ ಗೊತ್ತಾಗಲಿ ಅಂತ. ಕೆಲಸ ಮುಗಿದ ಮೇಲೂ ಸಮವಸ್ತ್ರದಲ್ಲೇ ಇರಬೇಕಿತ್ತು. ಇಲ್ಲದಿದ್ದರೆ ಮಫ್ತಿಯಲ್ಲಿ ಬೇಹುಗಾರಿಕೆ ಮಾಡುತ್ತಾರೆ ಅನ್ನುವ ಆರೋಪ. ಈಗ ಡ್ಯೂಟಿಯಲ್ಲಿದ್ದಾನೋ ಇಲ್ಲವೋ ಅಂತ ಗುರುತು ಹಿಡಿಯಲು ತೋಳಿಗೊಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು.

ಇಷ್ಟಾದರೂ ನಂಬಿಕೆ ಸುಮ್ನೆ ಹುಟ್ಟಲಿಲ್ಲ. 1833ರಲ್ಲಿ ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ನಡೆದ ಗಲಭೆಯಲ್ಲಿ ಒಬ್ಬ ಪೇದೆ ಇರಿತಕ್ಕೆ ಬಲಿಯಾದ. ವಿಚಾರಣೆ ನಡೆಸಿದ ಸ್ಥಳೀಯ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂತ ಊರಿನ ಸಾಮಾನ್ಯ ಜನ, ಏನಂತು ಗೊತ್ತಾ? ಈ ಕೊಲೆ ಸಮರ್ಥನೀಯ ಅಂತು. ಜನ ಆ ಜ್ಯೂರಿ ಸದಸ್ಯರನ್ನು ಹೊತ್ತು ಮೆರೆಸಿದರು. ಇಷ್ಟೊಂದು ಸಿಟ್ಟಿದ್ದ ಊರಿನಲ್ಲಿ ಪೊಲೀಸರು ಒಪ್ಪಿಗೆಯನ್ನು ನಿಧಾನವಾಗಿ, ದಶಕಗಟ್ಟಲೆ ಬೀಟ್ ತಿರುಗಿ ಗಳಿಸಿಕೊಂಡರು.

ಆದರೆ ಇದೇ ಪೀಲ್ ಇದಕ್ಕೂ ಮೊದಲು ಇನ್ನೊಂದು ಪಡೆ ಕಟ್ಟಿದ್ದ. 1812ರಿಂದ 1818ರವರೆಗೆ ಆತ ಬ್ರಿಟಿಷರ ಕೈಯಲ್ಲಿದ್ದ ಐರ್ಲೆಂಡಿನ ಆಡಳಿತ ನೋಡಿಕೊಳ್ಳುತ್ತಿದ್ದ. ಅಲ್ಲಿನ ರೈತರ ದಂಗೆಗಳನ್ನು ಅಡಗಿಸಲು 1814ರಲ್ಲಿ ಒಂದು ಶಾಂತಿಪಾಲನಾ ಪಡೆ ಮಾಡಿದ. ಮುಂದೆ 1822ರಲ್ಲಿ ಬೇರೊಂದು ಕಾನೂನು ಬಂದು, 1836ರ ಹೊತ್ತಿಗೆ ಅಲ್ಲಿ ದೇಶದ ಬಹುಭಾಗಕ್ಕೆ ಒಂದೇ ಪೊಲೀಸ್ ಪಡೆ, ಐರಿಷ್ ಕಾನ್‌ಸ್ಟೆಬ್ಯುಲರಿ, ನಿಂತಿತು. ಅದರ ಚಹರೆಯೇ ಬೇರೆ. ಕೈಯಲ್ಲಿ ಬಂದೂಕು, ವಾಸ ಬ್ಯಾರಕ್‌ನಲ್ಲಿ. ಪೇದೆಯನ್ನು ಅವನ ಸ್ವಂತ ಜಿಲ್ಲೆಗೆ ಹಾಕುತ್ತಿರಲಿಲ್ಲ, ಜನರ ಜೊತೆ ಸಲಿಗೆ ಬೆಳೆಯಬಾರದಲ್ಲ! ಉತ್ತರ ಹೇಳಬೇಕಾದದ್ದು ಊರಿಗಲ್ಲ, ಡಬ್ಲಿನ್ ಕೋಟೆಯಲ್ಲಿ ಕೂತ ಸರ್ಕಾರಕ್ಕೆ. ತನ್ನ ಜನರಿಗೆ ಒಂದು ಬಗೆಯ ಪೊಲೀಸ್, ಆಳಿಸಿಕೊಳ್ಳುವ ಜನರಿಗೆ ಇನ್ನೊಂದು ಬಗೆ.

ನಮ್ಮ ಪಾಲಿಗೆ ಬಂದದ್ದು ಎರಡನೆಯದು. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಐರಿಷ್ ಮಾದರಿಯಲ್ಲೇ ಪೊಲೀಸ್ ಪಡೆ ಕಟ್ಟಿದ. 1857ರ ದಂಗೆ ಬ್ರಿಟಿಷರ ನಿದ್ದೆ ಕೆಡಿಸಿತು. 1860ರಲ್ಲಿ ಆಯೋಗ ಕೂತಿತು, 1861ರಲ್ಲಿ ಪೊಲೀಸ್ ಕಾಯ್ದೆ ಬಂತು. ಪಡೆಯ ಮೇಲುಸ್ತುವಾರಿ ಸರ್ಕಾರದ್ದು, ಜಿಲ್ಲೆಯಲ್ಲಿ ಮ್ಯಾಜಿಸ್ಟ್ರೇಟರ ಹಿಡಿತ. ಜನರಿಗೆ ಉತ್ತರ ಕೊಡುವ ದಾರಿ ಆ ಕಾಯ್ದೆಯಲ್ಲಿ ಇರಲೇ ಇಲ್ಲ. 1902–03ರಲ್ಲಿ ಫ್ರೇಜರ್ ಆಯೋಗ, ಅಂದರೆ ಬ್ರಿಟಿಷರೇ ನೇಮಿಸಿದ ಆಯೋಗ, ಈ ಪೊಲೀಸರು ದಕ್ಷರಲ್ಲ, ಭ್ರಷ್ಟರು, ಜನಪೀಡಕರು ಎಂಬ ಹೆಸರು ಪಡೆದಿದ್ದಾರೆ ಎಂದು ಬರೆಯಿತು. ಆದರೂ ಬುನಾದಿ ಬದಲಾಗಲಿಲ್ಲ.

1947ರಲ್ಲಿ ನಾವು ಅದೇ ಬುನಾದಿಯನ್ನು ಉಳಿಸಿಕೊಂಡೆವು. ಐರ್ಲೆಂಡ್ ಹಾಗೆ ಮಾಡಲಿಲ್ಲ ಅನ್ನುವುದು ಇಲ್ಲಿ ಮುಖ್ಯ. 1922ರಲ್ಲಿ ಸ್ವತಂತ್ರವಾದ ಕೂಡಲೇ ಆ ಹಳೆಯ ಪಡೆ ರದ್ದಾಯಿತು. ಹೊಸ ಪಡೆಗೆ ಇಟ್ಟ ಹೆಸರು ಗಾರ್ಡಾ ಶೀಖಾನ, ಅಂದರೆ ಶಾಂತಿಯ ಕಾವಲುಗಾರರು. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಅವರನ್ನು ಬಂದೂಕಿಲ್ಲದೆ ಹಳ್ಳಿಗಳಿಗೆ ಕಳಿಸಿದರು. ಎಂಥ ಧೈರ್ಯ ಅಲ್ವಾ? ಇವತ್ತಿಗೂ ಅಲ್ಲಿನ ಸಾಮಾನ್ಯ ಪೇದೆಯ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ.

ಬ್ರಿಟನ್ನಿನ ಜೊತೆಗೇ ಉಳಿದ ಉತ್ತರ ಐರ್ಲೆಂಡಿನಲ್ಲಿ ಬದಲಾವಣೆ ತಡವಾಯಿತು. ಅಲ್ಲಿನ ಪೊಲೀಸರಲ್ಲಿ ಬಹುಪಾಲು ಪ್ರಾಟೆಸ್ಟೆಂಟರು, ಕ್ಯಾಥೊಲಿಕರು ಶೇ. 8ರ ಆಸುಪಾಸು. ಕ್ಯಾಥೊಲಿಕರ ಕಣ್ಣಿಗೆ ಆ ಪೊಲೀಸರು ಎದುರು ಪಕ್ಷದವರೇ. 1999ರಲ್ಲಿ, ಪೊಲೀಸ್ ಸುಧಾರಣೆಗೆಂದು ಕೂತ ಕ್ರಿಸ್ ಪ್ಯಾಟನ್ ಆಯೋಗ 175 ಶಿಫಾರಸು ಕೊಟ್ಟಿತು. 2001ರಲ್ಲಿ ಹೆಸರು, ಲಾಂಛನ ಎಲ್ಲ ಬದಲಾದವು. ಹತ್ತು ವರ್ಷ ನೇಮಕಾತಿಯಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು. 2011ರ ಹೊತ್ತಿಗೆ ಕ್ಯಾಥೊಲಿಕರ ಪಾಲು ಸುಮಾರು ಶೇ. 30ಕ್ಕೆ ಏರಿತು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸುವುದು ನಿಂತು, ತನ್ನದೇ ತನಿಖಾಧಿಕಾರಿಗಳಿರುವ ಪ್ರತ್ಯೇಕ ಕಚೇರಿ ಬಂತು.

ನಮ್ಮಲ್ಲೂ ಪ್ರಯತ್ನ ನಡೆಯಲಿಲ್ಲ ಅಂತಲ್ಲ. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರು ಹೇಗೆ ಆಳುವವರ ಕೈಗೊಂಬೆಯಾದರು ಎಂದು ಕಂಡ ಮೇಲೆ, 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. 1981ರವರೆಗೆ ಎಂಟು ವರದಿ ಕೊಟ್ಟಿತು, ಹೊಸ ಪೊಲೀಸ್ ಕಾಯ್ದೆಯ ಕರಡನ್ನೂ ಬರೆದುಕೊಟ್ಟಿತು. ಎಲ್ಲ ಕಪಾಟು ಸೇರಿದವು. 1996ರಲ್ಲಿ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು, ಏಳು ನಿರ್ದೇಶನಗಳೊಂದಿಗೆ.

ಅವುಗಳಲ್ಲಿ ಎರಡು ನನಗೆ ತುಂಬ ಮುಖ್ಯ ಅನಿಸುತ್ತವೆ. ಮೊದಲನೆಯದು, ಠಾಣಾಧಿಕಾರಿಯಿಂದ ಹಿಡಿದು ಡಿಜಿಪಿವರೆಗೆ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಕೆಲಸ. ಕೇಳಲು ಸಣ್ಣ ವಿಷಯ. ಆದರೆ ಮೇಲಿನಿಂದ ಒಂದು ಫೋನ್ ಬಂದರೆ ಎತ್ತಂಗಡಿ ಆಗುವ ಇನ್‌ಸ್ಪೆಕ್ಟರ್ ಪ್ರಭಾವಿಯ ಮಗನ ಮೇಲೆ ಎಫ್‌ಐಆರ್ ಹಾಕುತ್ತಾನಾ? ಆಯಕಟ್ಟಿನ ಜಾಗಕ್ಕೆ ವಶೀಲಿ ಮಾಡಿಸಿಕೊಂಡು ಬಂದವನು ಯಾರ ಮಾತು ಕೇಳುತ್ತಾನೆ ಅಂತ ಬಿಡಿಸಿ ಹೇಳಬೇಕಿಲ್ಲ. ಎರಡನೆಯದು, ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರೆ ಮಾಡುವುದು. ಬೆಳಿಗ್ಗೆ ಮಂತ್ರಿಗಳ ಬಂದೋಬಸ್ತ್, ಮಧ್ಯಾಹ್ನ ಕೋರ್ಟು, ಸಂಜೆ ಮೆರವಣಿಗೆ. ಇಷ್ಟನ್ನೂ ಮಾಡುವ ಅದೇ ಎಸ್‌ಐ ಕೊಲೆ ಕೇಸಿನ ಫೈಲನ್ನೂ ನೋಡಬೇಕು. ಸಾಕ್ಷಿಗಳು ಊರು ಬಿಡುತ್ತಾರೆ, ಫೈಲು ಮೇಜಿನ ಮೇಲೇ ಇರುತ್ತದೆ.

ತೀರ್ಪಿನ ನಂತರ ಎಷ್ಟೋ ರಾಜ್ಯಗಳು ಹೊಸ ಕಾನೂನು ಮಾಡಿದವು. ಆದರೆ ವರ್ಗಾವಣೆಯ ಲಗಾಮನ್ನು ಕೈಬಿಡಲು ಸರ್ಕಾರಗಳಿಗೆ ಮನಸ್ಸಿಲ್ಲ. ಯಾವ ಪಕ್ಷ ಬಂದರೂ ಇದೇ ಕಥೆ. ನಿರ್ದೇಶನಗಳು ಎಷ್ಟು ಜಾರಿಯಾಗಿವೆ ಎಂದು ನೋಡಲು ಕೋರ್ಟೇ ನೇಮಿಸಿದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಸಮಿತಿ 2010ರಲ್ಲಿ ರಾಜ್ಯಗಳ ಉದಾಸೀನ ಕಂಡು ಬೇಸರ ತೋಡಿಕೊಂಡಿತು.

2024ರ ಜುಲೈ 1ರಿಂದ ದಂಡ ಸಂಹಿತೆ, ಅಪರಾಧ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸವು ಬಂದವು. ಬ್ರಿಟಿಷರ ಕಾಲದ ಗುಲಾಮಗಿರಿಯ ಗುರುತು ಅಳಿಸುತ್ತಿದ್ದೇವೆ ಎಂದು ಸರ್ಕಾರ ಹೇಳಿತು. 1861ರ ಪೊಲೀಸ್ ಕಾಯ್ದೆ ಆ ಪಟ್ಟಿಯಲ್ಲಿ ಇರಲಿಲ್ಲ.