ಗೆಲ್ಲೋದು ಯಾರು ಅಂತ ಮೊದಲೇ ಬರೆದಿಟ್ಟ ಮೇಲೆ ನೋಡೋದೇನು?

ಓದುಗರ ಪ್ರಶ್ನೆ: ಟಿವಿಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಇ ರೆಸ್ಲಿಂಗ್ ಪೂರ್ತಿ ಫಿಕ್ಸಿಂಗ್ ಅಂತ ಈಗ ಮಕ್ಕಳಿಗೂ ಗೊತ್ತು. ಹಾಗಿದ್ದ ಮೇಲೆ ಹಳೇ ಪಂದ್ಯಗಳಲ್ಲಿ ಇದು ಅದ್ಭುತ, ಅದು ಸಾಧಾರಣ ಅಂತ ಹೇಗೆ ಹೇಳ್ತೀರಿ? ನಾಟಕಕ್ಕೆ ಮಾರ್ಕ್ಸ್ ಕೊಟ್ಟ ಹಾಗಾಯ್ತಲ್ವಾ?

ಹೌದು, ನಾಟಕಕ್ಕೆ ಮಾರ್ಕ್ಸ್ ಕೊಟ್ಟ ಹಾಗೇ. ಕೊಡಬಾರದು ಅಂತ ಎಲ್ಲಿದೆ?

ಈ ಪ್ರಶ್ನೆ ನನಗೆ ಹೊಸದಲ್ಲ. ರೆಸ್ಲಿಂಗ್ ನೋಡ್ತೀನಿ ಅಂತ ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ಗುಟ್ಟು ಹೇಳುವವರ ಹಾಗೆ ಹತ್ತಿರ ಬಂದು "ಅದೆಲ್ಲ ಸುಳ್ಳು ಗೊತ್ತಾ?" ಅನ್ನುತ್ತಾರೆ. ಗುಟ್ಟು ಹೊರಬಿದ್ದು ಬಹಳ ಕಾಲವಾಯಿತು. 1989ರಲ್ಲಿ ಇದನ್ನು ನಡೆಸುವ ಕಂಪನಿಯವರೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕ್ರೀಡೆ ಅಂತ ಲೆಕ್ಕವಾದರೆ ಬೀಳುವ ಸರ್ಕಾರಿ ನಿಯಮ, ತೆರಿಗೆಗಳನ್ನು ತಪ್ಪಿಸಿಕೊಳ್ಳಲು.

ಹಾಗಾದರೆ ಫಿಕ್ಸ್ ಆಗಿರುವುದು ಏನು? ಯಾರು ಗೆಲ್ಲಬೇಕು, ಹೇಗೆ ಮುಗಿಯಬೇಕು, ಸುಮಾರು ಎಷ್ಟು ನಿಮಿಷ. ನಡುವಿನದನ್ನು ಹಳೇ ಕಾಲದವರು ಬಹುಮಟ್ಟಿಗೆ ರಿಂಗಿನಲ್ಲೇ ಪಿಸುಗುಟ್ಟಿಕೊಂಡು ತೀರ್ಮಾನಿಸುತ್ತಿದ್ದರು. ಒಬ್ಬ ಇನ್ನೊಬ್ಬನ ಕುತ್ತಿಗೆಗೆ ಹೆಡ್‌ಲಾಕ್ ಹಾಕಿ ಅಲ್ಲಾಡದೆ ನಿಂತಿದ್ದಾನೆ ಅಂದರೆ ಅದು ಮಾತುಕತೆಯ ಸಮಯ. ರೆಫರಿಯೂ ಅಂಚೆಯವನ ಕೆಲಸ ಮಾಡುತ್ತಾನೆ. ಇಷ್ಟೆಲ್ಲ ತೀರ್ಮಾನವಾದ ಮೇಲೂ ಉಳಿಯುವ ಒಂದು ವಿಷಯ ಯಾರ ಕೈಯಲ್ಲೂ ಇಲ್ಲ: ಎದುರಿಗೆ ಕೂತ ಜನ ನಂಬುತ್ತಾರಾ, ಇಲ್ಲವಾ? ನಾನು ಮಾರ್ಕ್ಸ್ ಕೊಡುವುದು ಅದಕ್ಕೆ. ಗೆಲ್ಲುವವನು ಯಾರು ಅಂತ ಗೊತ್ತಿದ್ದೂ ಅದನ್ನು ಸ್ವಲ್ಪ ಹೊತ್ತು ಮರೆಸಿದ ಪಂದ್ಯ ಒಳ್ಳೆಯ ಪಂದ್ಯ.

ಗರಡಿಯಲ್ಲಿ ಮೈ ಬೆಳೆಸಿದವರು ಇದನ್ನು ಕುಸ್ತಿ ಅಂತ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಎರಡೂ ಒಂದಕ್ಕೊಂದು ತದ್ವಿರುದ್ಧ. ಮಟ್ಟಿಯಲ್ಲಿ ಪೈಲ್ವಾನ ನೋವಾದರೆ ಮುಚ್ಚಿಡುತ್ತಾನೆ. ತೋರಿಸಿದರೆ ಎದುರಾಳಿ ಅಲ್ಲಿಗೇ ಕೈ ಹಾಕುತ್ತಾನೆ. ಆದಷ್ಟು ಬೇಗ ಚಿತ್ ಮಾಡಿದರೆ ಅವನಿಗೆ ಲಾಭ. ರೆಸ್ಲಿಂಗ್‌ನಲ್ಲಿ ನೋವನ್ನು ತೋರಿಸುವುದೇ ಕೆಲಸ. ಇಪ್ಪತ್ತು ಸಾಲು ಹಿಂದೆ ಕೂತವನಿಗೂ ಕಾಣಬೇಕು. ಅವರ ಭಾಷೆಯಲ್ಲಿ ಇದಕ್ಕೆ ಸೆಲ್ಲಿಂಗ್ ಅನ್ನುತ್ತಾರೆ, ಅಂದರೆ ಏಟನ್ನು ಜನರಿಗೆ ಮಾರುವುದು. ಐದನೇ ನಿಮಿಷದಲ್ಲಿ ಮಂಡಿಗೆ ಏಟು ಬಿದ್ದವನು ಹದಿನೈದನೇ ನಿಮಿಷದಲ್ಲೂ ಕುಂಟಬೇಕು. ಕುಂಟುವುದನ್ನು ಮರೆತು ಓಡಿದ ಅನ್ನಿ, ನನ್ನ ಲೆಕ್ಕದಲ್ಲಿ ಅರ್ಧ ಮಾರ್ಕ್ಸ್ ಹೋಯಿತು. ಇನ್ನು ಬೀಳುವುದು ಮಾತ್ರ ಸುಳ್ಳಲ್ಲ. ರಿಂಗಿನ ತಳದಲ್ಲಿರುವುದು ಉಕ್ಕಿನ ತೊಲೆ, ಮರದ ಹಲಗೆ, ಮೇಲೊಂದು ತೆಳು ಫೋಮು, ಅದರ ಮೇಲೆ ಕ್ಯಾನ್ವಾಸು. ಅಷ್ಟೇ.

ಒಂದೇ ರಾತ್ರಿಯ ಎರಡು ಪಂದ್ಯ ಹೋಲಿಸಿದರೆ ನಾನು ಹೇಳುವುದು ಸುಲಭವಾಗಿ ತಿಳಿಯುತ್ತದೆ. 1987ರ ಮಾರ್ಚ್ 29, ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್, ಮೂರನೇ ರೆಸಲ್‌ಮೇನಿಯಾ, ಅಂದರೆ ಆ ಕಂಪನಿಯ ವರ್ಷದ ದೊಡ್ಡ ಜಾತ್ರೆ. ಬಂದ ಜನ 93,173 ಅಂತ ಕಂಪನಿ ಘೋಷಿಸಿತು. ಆ ಅಂಕಿಯ ಬಗ್ಗೆ ಅಭಿಮಾನಿಗಳ ಜಗಳ ಇವತ್ತಿಗೂ ನಿಂತಿಲ್ಲ. ಅವತ್ತಿನ ದೊಡ್ಡ ಪಂದ್ಯ ಹಲ್ಕ್ ಹೋಗನ್ ಮತ್ತು ಆಂಡ್ರೆ ದಿ ಜೈಂಟ್ ನಡುವಿನದು. ಪಂದ್ಯ ಅಂತ ನೋಡಿದರೆ ಬಲು ನಿಧಾನ. ಆಂಡ್ರೆಗೆ ಬೆನ್ನಿನ ಆಪರೇಷನ್ ಆಗಿತ್ತು, ಬಟ್ಟೆಯೊಳಗೆ ಬೆನ್ನುಪಟ್ಟಿ ಕಟ್ಟಿಕೊಂಡಿದ್ದ, ನಡೆಯುವುದೇ ಕಷ್ಟ. ತಬ್ಬಿ ಹಿಸುಕುವ ಬೇರ್‌ಹಗ್ ಪಟ್ಟಿನಲ್ಲೇ ನಿಮಿಷಗಟ್ಟಲೆ ಕಳೆಯುತ್ತದೆ. ಆದರೆ ಶುರುವಿನಲ್ಲೇ ಹೋಗನ್ ಅವನನ್ನು ಎತ್ತಲು ಹೋಗಿ ಆಗದೆ ಕೆಳಗೆ ಬೀಳುತ್ತಾನೆ. ಅಲ್ಲಿಂದ ಇಡೀ ಕ್ರೀಡಾಂಗಣಕ್ಕೆ ಒಂದೇ ಪ್ರಶ್ನೆ, ಇವನನ್ನು ಎತ್ತಲು ಆಗುತ್ತಾ? ಕೊನೆಗೆ ಎತ್ತಿ ಕೆಡವಿದ. ಆ ಒಂದು ಕ್ಷಣ ಆ ಹನ್ನೆರಡು ನಿಮಿಷದ ಬೇಸರವನ್ನೆಲ್ಲ ತೊಳೆದುಬಿಟ್ಟಿತು. ಆಂಡ್ರೆ ಮನಸ್ಸು ಮಾಡದಿದ್ದರೆ ಅವನನ್ನು ಯಾರೂ ಎತ್ತಲು ಆಗುತ್ತಿರಲಿಲ್ಲ ಅನ್ನುವುದು ನೆನಪಾದರೆ ಅದು ಸೋಲಿನ ಹಾಗಲ್ಲ, ಹಿರಿಯನೊಬ್ಬ ಕೊಟ್ಟ ಉಡುಗೊರೆಯ ಹಾಗೆ ಕಾಣುತ್ತದೆ.

ಅದೇ ರಾತ್ರಿ ಅದಕ್ಕೂ ಮೊದಲು ರ್‍ಯಾಂಡಿ ಸ್ಯಾವೇಜ್, ರಿಕಿ ಸ್ಟೀಮ್‌ಬೋಟ್ ಆಡಿದರು. ಸುಮಾರು ಹದಿನಾಲ್ಕೂವರೆ ನಿಮಿಷ, ಇಂಟರ್‌ಕಾಂಟಿನೆಂಟಲ್ ಅನ್ನುವ ಚಾಂಪಿಯನ್ ಬೆಲ್ಟ್‌ಗಾಗಿ. ಕೆಲವು ತಿಂಗಳ ಹಿಂದೆ ಸ್ಯಾವೇಜ್ ರಿಂಗಿನ ಗಂಟೆಯಿಂದ ಸ್ಟೀಮ್‌ಬೋಟ್‌ನ ಗಂಟಲು ಜಜ್ಜಿದ್ದ ಅನ್ನುವುದು ಕಥೆ. ಸ್ಯಾವೇಜ್ ಬೇರೆಯವರ ಹಾಗೆ ರಿಂಗಿನಲ್ಲಿ ಪಿಸುಗುಟ್ಟಿ ನಡೆಸುವ ಜಾತಿಯವನಲ್ಲ. ಈ ಪಂದ್ಯದ ಒಂದೊಂದು ಪಟ್ಟನ್ನೂ ಹಾಳೆಯ ಮೇಲೆ ಬರೆದು, ಇಬ್ಬರೂ ಪರೀಕ್ಷೆಗೆ ಕೂರುವ ಹುಡುಗರ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು. ಅಂದರೆ ಎರಡರಲ್ಲಿ ಜಾಸ್ತಿ "ಫಿಕ್ಸ್" ಆಗಿದ್ದು ಇದೇ! ಆದರೂ ಇವತ್ತು ನೋಡಿದರೆ ಉಸಿರು ಬಿಡಲು ಪುರಸೊತ್ತಿಲ್ಲ. ಎದುರಾಳಿಯ ಭುಜ ನೆಲಕ್ಕೆ ಒತ್ತಿಟ್ಟು ರೆಫರಿ ಮೂರು ಎಣಿಸಿದರೆ ಗೆಲುವು. ಒಂದು, ಎರಡು ಅಂತ ಎಣಿಸುತ್ತಾನೆ, ಮೂರಕ್ಕೆ ಮೊದಲು ಭುಜ ಎದ್ದಿತು. ಮತ್ತೆ ಒಂದು, ಎರಡು, ಮತ್ತೆ ಎದ್ದಿತು. ಕೊನೆಗೆ ಸ್ಯಾವೇಜ್ ಅದೇ ಗಂಟೆ ಹಿಡಿದು ಬಂದಾಗ ಕಥೆ ಶುರುವಾದ ಕಡೆಗೇ ವಾಪಸ್ ಬಂದ ಹಾಗಾಗುತ್ತದೆ. (ಸ್ಟೀಮ್‌ಬೋಟ್‌ನ ನಿಜವಾದ ಹೆಸರು ರಿಚರ್ಡ್ ಬ್ಲಡ್. ಇಷ್ಟು ಒಳ್ಳೆಯ ಖಳನ ಹೆಸರಿಟ್ಟುಕೊಂಡವನು ಒಳ್ಳೆಯವನ ವೇಷದಲ್ಲೇ ಜೀವನ ಸವೆಸಿದ.)

ಯಕ್ಷಗಾನದಲ್ಲೂ ಹೀಗೇ ಅಲ್ವಾ, ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತಿದ್ದೇ ಬೆಳಗಿನ ತನಕ ಕೂರುತ್ತೇವೆ ಅಂತ ನೀವು ಹೇಳಬಹುದು. ಸರಿ. ಆದರೆ ಬಯಲಿನಲ್ಲಿ ಕೂತ ಜನ ಇದ್ದಕ್ಕಿದ್ದ ಹಾಗೆ ಕೌರವನಿಗೆ ಜೈಕಾರ ಹಾಕಿ, ಭೀಮನನ್ನು ಕೂಗಿ ಓಡಿಸಲು ಶುರು ಮಾಡಿದರೆ ಭೀಮನ ವೇಷದವನು ಏನು ಮಾಡಬೇಕು? 2002ರ ಮಾರ್ಚ್ 17ರಂದು ಟೊರಾಂಟೊದ ಸ್ಕೈಡೋಮ್‌ನಲ್ಲಿ ಆಗಿದ್ದು ಅದೇ. ಹಲ್ಕ್ ಹೋಗನ್ ಎದುರು ದಿ ರಾಕ್. ಹೋಗನ್ ಅವತ್ತು ಖಳ, ಅವರ ಮಾತಿನಲ್ಲಿ ಹೀಲ್. ಕೆಲವು ವಾರಗಳ ಹಿಂದಷ್ಟೇ ರಾಕ್ ಮಲಗಿದ್ದ ಆಂಬುಲೆನ್ಸ್‌ಗೆ ಲಾರಿ ಗುದ್ದಿಸಿದ್ದವನು. ಆದರೆ 48 ವರ್ಷದ ಆ ಮುದುಕ ರಿಂಗಿಗೆ ಬಂದದ್ದೇ ತಡ, ಅವನನ್ನು ನೋಡಿಕೊಂಡು ಬೆಳೆದವರೆಲ್ಲ ಎದ್ದು ನಿಂತರು. ಲಾರಿ, ಆಂಬುಲೆನ್ಸ್ ಎಲ್ಲ ಮರೆತೇ ಹೋಯಿತು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜನರತ್ತ ನಿಧಾನವಾಗಿ ತಿರುಗಿ ನೋಡುತ್ತಾರೆ. ಆಮೇಲೆ ಆಟವೇ ಬದಲಾಯಿತು. ಒಳ್ಳೆಯವನಾಗಿದ್ದ ರಾಕ್ ಸ್ವಲ್ಪ ಸ್ವಲ್ಪವೇ ಕೆಟ್ಟವನ ಹಾಗೆ ಆಡತೊಡಗಿದ. ಹೋಗನ್ ತನ್ನ ಹಳೇ ವರಸೆ ತೆಗೆದ. ಫಲಿತಾಂಶ ಬದಲಾಗಲಿಲ್ಲ, ರಾಕ್ ಗೆದ್ದ. ಆದರೆ ಆ ರಾತ್ರಿಯ ಕಥೆ ಬರೆದದ್ದು ಜನ. ಪಟ್ಟುಗಳ ಲೆಕ್ಕ ಹಿಡಿದರೆ ಇದು ಸಾಧಾರಣ ಪಂದ್ಯ. ನಾನಂತೂ ಹತ್ತು ಸಲ ನೋಡಿದ್ದೇನೆ, ಸೌಂಡ್ ಜೋರಾಗಿಟ್ಟುಕೊಂಡು.

ನನಗೆ ಒಂದೇ ಒಂದು ಪಂದ್ಯ ಆರಿಸಲು ಹೇಳಿದರೆ ಯೋಚನೆಯೇ ಬೇಡ: ಬ್ರೆಟ್ ಹಾರ್ಟ್, ಸ್ಟೀವ್ ಆಸ್ಟಿನ್. 1997ರ ಮಾರ್ಚ್ 23, ಷಿಕಾಗೊ ಪಕ್ಕದ ರೋಸ್‌ಮಾಂಟ್. ಒಬ್ಬ ಸೋತೆ ಅಂತ ಒಪ್ಪಿಕೊಳ್ಳುವ ತನಕ ಮುಗಿಯದ ಪಂದ್ಯ. ರೆಫರಿ ಕೆನ್ ಶ್ಯಾಮ್‌ರಾಕ್. ಬರುವಾಗ ಬ್ರೆಟ್ ಒಳ್ಳೆಯವನು, ವರ್ಷಗಳಿಂದ ನೆಚ್ಚಿಕೊಂಡ ನಾಯಕ. ಆಸ್ಟಿನ್ ಬಾಯಿಬಡುಕ, ಒರಟ, ಹೀಲ್. ಇಪ್ಪತ್ತು ನಿಮಿಷ ಕಳೆದು ಹೋಗುವಾಗ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡಿದ್ದರು. ಇದಕ್ಕೆ ಒಂದು ಮಾತೂ ಬೇಕಾಗಲಿಲ್ಲ. ಜನರ ನಡುವೆಯೇ ಹೊಡೆದಾಡಿದರು, ಕುರ್ಚಿ ಬಂತು, ಆಸ್ಟಿನ್ ಹಣೆ ಒಡೆಯಿತು. ಆ ರಕ್ತ ನಿಜದ್ದು. ಬ್ಲೇಡಿನ ಚಿಕ್ಕ ತುಂಡು ಸಾಕು, ಉಳಿದದ್ದನ್ನು ಬೆವರು ನೋಡಿಕೊಳ್ಳುತ್ತದೆ. ಬ್ರೆಟ್ ಶಾರ್ಪ್‌ಶೂಟರ್ ಹಾಕಿದ. ಎರಡೂ ಕಾಲು ಹೆಣೆದು, ಬೋರಲು ಕೆಡವಿ, ಬೆನ್ನಿನ ಮೇಲೆ ಕೂತು ಹಿಂದಕ್ಕೆ ಎಳೆಯುವ ಪಟ್ಟು ಅದು. ಆಸ್ಟಿನ್ ಕೈ ಊರಿ ಮೇಲೇಳುತ್ತಾನೆ. ಹಲ್ಲಿನ ಸಂದಿಯಲ್ಲೆಲ್ಲ ರಕ್ತ. ಒಂದು ಸಲ ಬಿಡಿಸಿಕೊಂಡೇಬಿಟ್ಟ ಅನ್ನಿಸುತ್ತದೆ. ಬಿಡಿಸಿಕೊಳ್ಳಲು ಆಗಲಿಲ್ಲ. ಸೋತೆ ಅಂತಲೂ ಅನ್ನಲಿಲ್ಲ. ಎಚ್ಚರ ತಪ್ಪಿದ.

ನಾಲ್ಕು ಸಾಲಿನಲ್ಲಿ ಹೇಳಿಬಿಟ್ಟೆ, ಆದರೆ ಇದನ್ನು ಯೋಚಿಸಿದವರ ಜಾಣತನ ನೋಡಿ. ಬ್ರೆಟ್‌ಗೆ ಗೆಲುವು ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ಎಚ್ಚರ ತಪ್ಪಿದವನನ್ನು ಮತ್ತೆ ಹೊಡೆಯಲು ಹೋದ. ಶ್ಯಾಮ್‌ರಾಕ್ ಎಳೆದು ಎಸೆದ. ಜನ ಛೀ ಅಂದರು. ಆಸ್ಟಿನ್ ಯಾರ ಕೈಯನ್ನೂ ಹಿಡಿಯದೆ ಕುಂಟಿಕೊಂಡು ಹೊರಟ. ಒಳಗೆ ಬರುವಾಗ ಅವನನ್ನು ಬೈದಿದ್ದ ಬಾಯಿಗಳೇ ಅವನ ಹೆಸರು ಕೂಗುತ್ತಿದ್ದವು. ಮುಂದಿನ ವರ್ಷಗಳಲ್ಲಿ ಆ ಕಂಪನಿಯನ್ನು ಹೊತ್ತುಕೊಂಡು ನಡೆದವನು ಈ ಸೋತವನೇ.

ಏಳೂವರೆ ತಿಂಗಳು ಕಳೆದ ಮೇಲೆ, 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಇದೇ ಬ್ರೆಟ್‌ಗೆ ಒಂದು ಪಂದ್ಯ ನಿಜವಾಗಿಬಿಟ್ಟಿತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಅವನು ಕಂಪನಿ ಬಿಟ್ಟು ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಹೊರಟಿದ್ದ, ಚಾಂಪಿಯನ್ ಬೆಲ್ಟ್ ಅವನ ಸೊಂಟದಲ್ಲೇ ಇತ್ತು. ಸ್ವಂತ ದೇಶ ಕೆನಡಾದಲ್ಲಿ ಷಾನ್ ಮೈಕಲ್ಸ್‌ಗೆ ಸೋಲುವುದಿಲ್ಲ ಅಂದ. ಬೇರೆ ಥರ ಮುಗಿಸೋಣ ಅಂತ ಮಾತಾಗಿತ್ತು. ಮೈಕಲ್ಸ್ ಅವನದೇ ಶಾರ್ಪ್‌ಶೂಟರ್ ಅವನಿಗೇ ಹಾಕಿದ ತಕ್ಷಣ, ಬ್ರೆಟ್ ಸೋಲೊಪ್ಪದೆ ಇದ್ದರೂ, ಮಾಲೀಕ ವಿನ್ಸ್ ಮೆಕ್‌ಮಹನ್ ಪಂದ್ಯ ಮುಗಿಯಿತು ಅಂತ ಗಂಟೆ ಬಾರಿಸಲು ಹೇಳಿದ. ಬ್ರೆಟ್ ಅವನ ಮುಖಕ್ಕೆ ಉಗಿದ. ರೆಸ್ಲಿಂಗ್ ಇತಿಹಾಸದಲ್ಲಿ ಇಷ್ಟು ಚರ್ಚೆಯಾದ ಕೊನೆ ಇನ್ನೊಂದಿಲ್ಲ. ಎಲ್ಲಾ ಸುಳ್ಳು ಅನ್ನುವವರಿಗೆ ಬೇಕಾದ "ನಿಜ" ಅಲ್ಲಿತ್ತು. ಪಂದ್ಯ ಮಾತ್ರ ಅರ್ಧಕ್ಕೇ ಸತ್ತುಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಮೈ ಒಪ್ಪಿಸಿದರಷ್ಟೇ ಈ ಆಟ ನಡೆಯುವುದು.

ಇಷ್ಟು ಹೇಳಿ ಅಂಡರ್‌ಟೇಕರ್ ಹೆಸರು ಎತ್ತದಿದ್ದರೆ ನೀವು ಬಿಡುವುದಿಲ್ಲ. ರೆಸ್ಲರ್‌ಗಳ ಚಿತ್ರವಿದ್ದ ಟ್ರಂಪ್ ಕಾರ್ಡ್ ಆಡಿ ಬೆಳೆದ ನಮ್ಮ ಪೀಳಿಗೆಗೆ ಅವನು ಏಳು ಸಲ ಸತ್ತು ಎದ್ದು ಬಂದವನು. ಎಷ್ಟು ಸಲ ಅನ್ನುವುದು ಬೀದಿಯಿಂದ ಬೀದಿಗೆ ಬದಲಾಗುತ್ತಿತ್ತು. 2009ರ ಏಪ್ರಿಲ್ 5, ಹ್ಯೂಸ್ಟನ್, ಎದುರಿಗೆ ಮತ್ತೆ ಷಾನ್ ಮೈಕಲ್ಸ್. ಅಷ್ಟು ಹೊತ್ತಿಗೆ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್ ಹದಿನಾರು ಗೆದ್ದು ಒಂದೂ ಸೋತಿರಲಿಲ್ಲ. ಅಂದರೆ ಫಲಿತಾಂಶ ಬರೆದವರಿಗೆ ಮಾತ್ರವಲ್ಲ, ನೋಡುವ ಎಲ್ಲರಿಗೂ ಗೊತ್ತು. ಆದರೂ ಅರ್ಧ ಗಂಟೆ ಜನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಂಡರ್‌ಟೇಕರ್ ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಟ್ಟುವ ತನ್ನ ಟೂಂಬ್‌ಸ್ಟೋನ್ ಪಟ್ಟು ಹಾಕಿದ, ಇನ್ನೇನು ಮುಗಿಯಿತು ಅನ್ನುವಾಗ ಮೈಕಲ್ಸ್ ಭುಜ ಎತ್ತಿದ. ಆಗ ಅವನ ಎದುರಿಗಿದ್ದ ಅಂಡರ್‌ಟೇಕರ್ ಮುಖ ನೋಡಬೇಕು. ಕಣ್ಣು ಅಗಲ, ಬಾಯಿ ತೆರೆದಿದೆ, ಸತ್ತವನಿಗೂ ಹೆದರಿಕೆ ಹುಟ್ಟಿದ ಹಾಗೆ.

ಜಾಸ್ತಿ ಜನ ಹೊಗಳುವ ಇನ್ನೊಂದರ ಬಗ್ಗೆ ನನ್ನದು ಬೇರೆ ಅಭಿಪ್ರಾಯ. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಎಸೆದದ್ದು. ಅದು ಸಾಹಸ, ನಿಜ. ಒಳ್ಳೆಯ ಪಂದ್ಯ ಅಂತ ನಾನು ಒಪ್ಪಲಾರೆ. ಅದಾದ ಮೇಲೆ ಪಂಜರದ ಚಾವಣಿ ಕಿತ್ತುಕೊಂಡು ಎರಡನೇ ಸಲ ಬಿದ್ದನಲ್ಲ, ಅದು ಯೋಜನೆಯಲ್ಲೇ ಇರಲಿಲ್ಲ. ಅಲ್ಲಿ ನನಗೆ ಕಾಣುವುದು ಪಾತ್ರವಲ್ಲ, ಮಿಕ್ ಫೋಲಿ ಅನ್ನುವ ಮನುಷ್ಯ. ಜೀವ ಹೋಯಿತೇನೋ ಅಂತ ಹೆದರುತ್ತಾ ನೋಡುವುದರಲ್ಲಿ ನನಗೆ ಖುಷಿಯಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ 1994ರ ಮಾರ್ಚ್ 20ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ನಡೆದ ರೆಸಲ್‌ಮೇನಿಯಾ ಹುಡುಕಿ. ಬ್ರೆಟ್ ಮತ್ತು ಅವನ ತಮ್ಮ ಓವನ್. ಕ್ಯಾಲ್ಗರಿಯ ಹಾರ್ಟ್ ಮನೆಯಲ್ಲಿ ಹನ್ನೆರಡು ಮಕ್ಕಳು, ಓವನ್ ಕೊನೆಯವನು. ಅಣ್ಣನ ನೆರಳಲ್ಲಿ ಬದುಕಿ ಸಾಕಾಯಿತು ಅನ್ನುವುದು ಅವನ ಸಿಟ್ಟು. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲನೇ ಪಂದ್ಯದಲ್ಲೇ ತಮ್ಮ ಅಣ್ಣನನ್ನು ನ್ಯಾಯವಾಗಿ ಸೋಲಿಸಿಬಿಡುತ್ತಾನೆ. ಅಲ್ಲಿಗೆ ನಿಲ್ಲಿಸಬೇಡಿ, ಕೊನೆಯ ಪಂದ್ಯದ ತನಕ ಹೋಗಿ. ಅದೇ ರಾತ್ರಿ ಬ್ರೆಟ್ ದೈತ್ಯ ಯೊಕೊಝುನಾನನ್ನು ಸೋಲಿಸಿ ಚಾಂಪಿಯನ್ ಆಗುತ್ತಾನೆ. ಜೊತೆಯವರೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆಗ ರಿಂಗಿನಾಚೆ ನೋಡಿ. ಜನರ ನಡುವಿನ ದಾರಿಯಲ್ಲಿ ಓವನ್ ಒಬ್ಬನೇ ಬಂದು ನಿಂತಿದ್ದಾನೆ, ಅಣ್ಣನನ್ನೇ ದಿಟ್ಟಿಸಿಕೊಂಡು.