ಬ್ಲಾಕ್ ಟೈಮ್: ಟಿಕೆಟ್ಟಿನಲ್ಲಿ ಕಾಣುವ ಅವಧಿಯೊಳಗೆ ಏನೇನಿದೆ?

ಬೆಂಗಳೂರು–ದೆಹಲಿ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ 2 ಗಂಟೆ 50 ನಿಮಿಷದ ಆಸುಪಾಸು ಬರೆದಿರುತ್ತದೆ. ವಿಮಾನ ಅಷ್ಟು ಹೊತ್ತೂ ಗಾಳಿಯಲ್ಲಿರುವುದಿಲ್ಲ. ಚಕ್ರಕ್ಕೆ ಕೊಟ್ಟ ಅಡೆ ತೆಗೆದು ವಿಮಾನ ನಿಂತ ಜಾಗದಿಂದ ಅಲುಗಿದಾಗ ಶುರುವಾಗಿ, ಇಳಿದ ಊರಿನಲ್ಲಿ ಪುನಃ ಅಡೆ ಕೊಡುವವರೆಗಿನ ಸಮಯಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ಹಾರಾಟ ಅದರೊಳಗಿನ ಒಂದು ಭಾಗ ಮಾತ್ರ. ಉಳಿದದ್ದು ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಗೇಟ್ ಸೇರುವುದು.

ದೂರದ ಲೆಕ್ಕವೂ ಹಾಗೆಯೇ. ಬೆಂಗಳೂರಿನಿಂದ ದೆಹಲಿಗೆ ವಾಯುಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಎನ್ನುವುದು ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ಅಳೆದಂಥ ದೂರ. ನಿಜಕ್ಕೂ ಹಾರುವುದು ಇದಕ್ಕಿಂತ ಹೆಚ್ಚು. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿವೆ, ದೆಹಲಿ ಇರುವುದು ಉತ್ತರಕ್ಕೆ. ವಿಮಾನ ಏರುವುದು ಗಾಳಿಗೆ ಎದುರಾಗಿ. ಹಾಗಾಗಿ ಮುಂಗಾರಿನ ಪಡುವಣ ಗಾಳಿಯಿದ್ದಾಗ ದೊಡ್ಡಬಳ್ಳಾಪುರದ ದಿಕ್ಕಿಗೆ, ಮೂಡಣ ಗಾಳಿಯಿದ್ದಾಗ (ದೇವನಹಳ್ಳಿ ತಾಲ್ಲೂಕಿನ) ವಿಜಯಪುರದ ದಿಕ್ಕಿಗೆ ಎದ್ದು, ಆಮೇಲೆ ಉತ್ತರಕ್ಕೆ ತಿರುಗುತ್ತದೆ. ಇಳಿಯುವಾಗಲೂ ಇಂಥದೇ ಸುತ್ತು. ಪೈಲಟ್‌ಗಳು ಇದನ್ನೆಲ್ಲ ಎಣಿಸುವುದು ನಾಟಿಕಲ್ ಮೈಲಿಯಲ್ಲಿ, ಒಂದಕ್ಕೆ 1.852 ಕಿ.ಮೀ.

ಅಂದಾಜಿಗೆ ಒಂದು ಸುಲಭ ಲೆಕ್ಕವಿದೆ. ದೂರವನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ 40 ನಿಮಿಷ ಕೂಡಿಸಿ. ದೆಹಲಿಗೆ 2 ಗಂಟೆ 8 ನಿಮಿಷಕ್ಕೆ 40 ಸೇರಿ 2:48. ಸುಮಾರು 840 ಕಿ.ಮೀ. ದೂರದ ಮುಂಬೈಗೆ 1:43. ಹೈದರಾಬಾದ್ 450 ಕಿ.ಮೀ. ಚಿಲ್ಲರೆ, 1:14. ದೂರ ಅರ್ಧವಾದರೂ ಸಮಯ ಅರ್ಧವಾಗದಿರಲು ಆ 40 ನಿಮಿಷವೇ ಕಾರಣ. ಇದು ಜೆಟ್ ವಿಮಾನದ ಲೆಕ್ಕ. ರೆಕ್ಕೆಯಲ್ಲಿ ಪ್ರೊಪೆಲರ್ ತಿರುಗುವ ಎಟಿಆರ್ ಆದರೆ ಗಂಟೆಗೆ 500 ಕಿ.ಮೀ. ಆಸುಪಾಸು, ಅದಕ್ಕೆ 800 ಹಾಕಿದರೆ ಉತ್ತರ ತಪ್ಪುತ್ತದೆ.

ಹೊರದೇಶದ ಟಿಕೆಟ್ಟಿನಲ್ಲಿ ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಹೊರಡುವ, ತಲುಪುವ ಸಮಯಗಳು ಆಯಾ ಊರಿನವು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. 10:00ಕ್ಕೆ ಹೊರಟು 12:40ಕ್ಕೆ ತಲುಪುತ್ತದೆ ಎಂದಿದ್ದರೆ ಪ್ರಯಾಣ 4 ಗಂಟೆ 10 ನಿಮಿಷ, 2:40 ಅಲ್ಲ. ವಾಪಸು ಬರುವಾಗ ಒಂದೂವರೆ ಗಂಟೆ ಕಳೆಯಬೇಕು. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುವುದರಿಂದ ಹೋಗುವುದು ನಿಧಾನ, ಬರುವುದು ಬೇಗ.

ವಿಮಾನ ಹೊತ್ತಿಗೆ ಮುಂಚೆ ತಲುಪಿತೆಂದು ಹಿಗ್ಗುವಂಥದ್ದೇನಿಲ್ಲ. ಸರದಿ, ಗಾಳಿ, ದಟ್ಟಣೆ ಎಂದು ಕಂಪನಿಗಳು ಬ್ಲಾಕ್ ಟೈಮ್‌ನಲ್ಲೇ ಒಂದಷ್ಟು ನಿಮಿಷ ಮೊದಲೇ ಸೇರಿಸಿಟ್ಟಿರುತ್ತವೆ.

ಚಿಕ್ಕಬಳ್ಳಾಪುರದಿಂದ ಹೊರಡುವವರಿಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ವಿಮಾನ ನಿಲ್ದಾಣ 30–35 ಕಿ.ಮೀ. ಹತ್ತಿರವೇ ಅಲ್ಲವೇ ಎಂದು ತಡಮಾಡಬೇಡಿ. 10:00 ಎಂದರೆ ವಿಮಾನ ಅಲುಗುವ ಹೊತ್ತು. ಒಳನಾಡು ವಿಮಾನಕ್ಕೆ ಲಗೇಜು ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ, ಗೇಟ್ ಸುಮಾರು 25 ನಿಮಿಷ ಮುಂಚೆ ಮುಚ್ಚುತ್ತದೆ. ಲಗೇಜು ಇದ್ದರೆ 7 ಗಂಟೆಗೆ ಮನೆ ಬಿಡುವುದು ಕ್ಷೇಮ. ಡಿಸೆಂಬರ್–ಜನವರಿಯ ಮುಂಜಾವಿನ ವಿಮಾನವಾದರೆ ದೇವನಹಳ್ಳಿಯ ಮಂಜನ್ನೂ ಲೆಕ್ಕಕ್ಕೆ ಹಿಡಿಯಿರಿ. ದೆಹಲಿಯಲ್ಲಿ ಇನ್ನೊಂದು ವಿಮಾನ ಹತ್ತುವುದಿದ್ದರೆ ಎರಡೂ ಒಂದೇ ಟಿಕೆಟ್ಟಿನಲ್ಲಿರಲಿ.